ನಳಿಕೆಯಲ್ಲಿ ಇಳಿಯುವ ಮಾತ್ರೆ

ಪಾರ್ಶ್ವವಾಯು ಬಡಿದು ನುಂಗಲಾಗದವರನ್ನು ಮೂಗಿನ ನಳಿಕೆಯೊಡನೆಯೇ ಮನೆಗೆ ಕಳುಹಿಸುವುದುಂಟು. ಬ್ರಿಟನ್ನಿನ ವೈದ್ಯ ಜಾನ್ ಆಲ್ಫ್ರೆಡ್ ರೈಲ್ 1921ರಲ್ಲಿ ಬಳಕೆಗೆ ತಂದದ್ದರಿಂದ ಇದು ‘ರೈಲ್ಸ್ ಟ್ಯೂಬ್’. ಇದರ ಮೂಲಕ ಗಂಜಿ, ಬೇಳೆಕಟ್ಟು ಹೊಟ್ಟೆ ಸೇರುತ್ತವೆ. ಜೊತೆಗೆ ಐದಾರು ಮಾತ್ರೆಗಳನ್ನೂ ಕುಟ್ಟಿ ಗಂಜಿಗೇ ಬೆರೆಸುವವರಿದ್ದಾರೆ. ತೊಂದರೆ ಶುರುವಾಗುವುದು ಇಲ್ಲಿ.

ಮಾತ್ರೆಯೆಂದರೆ ಬರೀ ಪುಡಿಯ ಬಿಲ್ಲೆಯಲ್ಲ. ಕೆಲವು ಮಾತ್ರೆಗಳು ಹನ್ನೆರಡೋ ಇಪ್ಪತ್ತನಾಲ್ಕೋ ಗಂಟೆ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ಹೆಸರಿನ ಕೊನೆಯ ಎಸ್‌ಆರ್, ಎಕ್ಸ್‌ಎಲ್, ಸಿಆರ್ ಅಕ್ಷರಗಳು ಇವುಗಳ ಗುರುತು. ಇಂಥವನ್ನು ಕುಟ್ಟಿದರೆ ದಿನವಿಡೀ ಹಂಚಿಹೋಗಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ರಕ್ತದೊತ್ತಡದ ಮಾತ್ರೆಯಾದರೆ ಒತ್ತಡ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಪ್ಯಾಂಟೊಪ್ರಜೋಲ್ ಮಾತ್ರೆಗೆ ಜಠರದ ಆಮ್ಲದಿಂದ ಕಾಪಾಡುವ ಲೇಪನವಿದೆ. ಕುಟ್ಟಿದರೆ ಆಮ್ಲವೇ ಔಷಧಿಯನ್ನು ಕೆಡಿಸುತ್ತದೆ. ಫಿಟ್ಸ್ ತಡೆಯುವ ಫೆನಿಟಾಯಿನ್ ನಳಿಕೆಯ ಆಹಾರದೊಡನೆ ಬೆರೆತರೆ ರಕ್ತಕ್ಕೆ ಸೇರುವ ಪ್ರಮಾಣ ತಗ್ಗಿ, ಫಿಟ್ಸ್ ಮರಳಬಹುದು. ಹೀಗಾಗಿ ಅದಕ್ಕೂ ಆಹಾರಕ್ಕೂ ನಡುವೆ ಒಂದೆರಡು ಗಂಟೆ ಬಿಡುವು ಕೊಡುವುದು ರೂಢಿ.

ಮಾರ್ಗ ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಕರುಳಿನಿಂದ ರಕ್ತಕ್ಕೆ ಸೇರುವುದು ಸುಮಾರು ಅರ್ಧ ಮಾತ್ರ. ರಕ್ತನಾಳಕ್ಕೆ ಕೊಡುವ 20 ಮಿಲಿಗ್ರಾಂಗೆ ಹೊಟ್ಟೆಯ ಮೂಲಕ ಸುಮಾರು 40 ಬೇಕು.

ಸಿರಪ್ಪಿನಲ್ಲೂ ಲೆಕ್ಕವಿದೆ. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. 500 ಮಿಲಿಗ್ರಾಂ ಬೇಕೆಂದರೆ ಮೊದಲನೆಯದು 20 ಮಿಲಿಲೀಟರ್, ಎರಡನೆಯದು 10. ಸೀಸೆ ಬದಲಾದಾಗ ‘ಎರಡು ಚಮಚೆ’ ಎಂಬ ಹಳೆಯ ಅಳತೆ ನಂಬುವಂತಿಲ್ಲ.

ಕುಟ್ಟಬಹುದಾದ ಮಾತ್ರೆಗಳನ್ನೂ ಒಂದೊಂದಾಗಿ ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕದಡಿ ಬೇರೆ ಬೇರೆಯಾಗಿ ಕೊಡಬೇಕು. ಮೊದಲೂ ಕೊನೆಗೂ 15ರಿಂದ 30 ಮಿಲಿಲೀಟರ್ ನೀರು ಹಾಯಿಸಿ, ನಡುನಡುವೆಯೂ ಸ್ವಲ್ಪ ನೀರು ಬಿಟ್ಟರೆ ನಳಿಕೆ ಕಟ್ಟಿಕೊಳ್ಳುವುದು ತಪ್ಪುತ್ತದೆ. ಹೃದಯ, ಮೂತ್ರಪಿಂಡದ ರೋಗಿಗಳಿಗೆ ಈ ನೀರಿನ ಲೆಕ್ಕವನ್ನೂ ವೈದ್ಯರಿಂದ ತಿಳಿಯಬೇಕು. ಕೊಡುವಾಗಲೂ ಆಮೇಲೆ ಅರ್ಧ ಗಂಟೆಯೂ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ನಳಿಕೆಯ ಸಿರಿಂಜು ಬೇರೆಯೇ ಇರಲಿ. ಈ ದ್ರವ ತಪ್ಪಿ ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಆಸ್ಪತ್ರೆ ಬಿಡುವ ದಿನ ಮಾತ್ರೆಗಳನ್ನೆಲ್ಲ ಮುಂದಿಟ್ಟು ವೈದ್ಯರನ್ನೋ ಔಷಧಿ ತಜ್ಞರನ್ನೋ ಕೇಳಿ: ಇವುಗಳಲ್ಲಿ ಯಾವುದನ್ನು ಕುಟ್ಟಬಾರದು? ಬದಲಿಗೆ ಏನಿದೆ? ನಳಿಕೆಯ ತುದಿ ಜಠರದಲ್ಲಿದೆಯೋ ಸಣ್ಣ ಕರುಳಿನಲ್ಲೋ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೂ ಅದು ಕಾಣುವಂತಿರಲಿ.