ನಾಯಿ ಕಳವು: ಬೆಲೆಯಿಲ್ಲದ ಪ್ರಾಣಿಗೆ ದೂರೂ ಇಲ್ಲವೇ?

ಕಳ್ಳತನವೆಂದರೇನು ಎಂಬುದನ್ನು ವಿವರಿಸಲು 1860ರ ಭಾರತೀಯ ದಂಡ ಸಂಹಿತೆ ಆಯ್ದುಕೊಂಡ ನಿದರ್ಶನಗಳಲ್ಲಿ ನಾಯಿಯದೂ ಒಂದು. ಒಬ್ಬಾತ ನಾಯಿಗೆ ಆಸೆ ಹುಟ್ಟಿಸುವ ತಿನಿಸನ್ನು ಜೇಬಿನಲ್ಲಿಟ್ಟುಕೊಂಡು, ಬೇರೊಬ್ಬರ ನಾಯಿ ತನ್ನ ಹಿಂದೆ ಬರುವಂತೆ ಮಾಡುತ್ತಾನೆ. ಒಡೆಯನ ಒಪ್ಪಿಗೆಯಿಲ್ಲದೆ ಅದನ್ನು ಲಪಟಾಯಿಸುವುದೇ ಆತನ ಉದ್ದೇಶವಾಗಿದ್ದರೆ, ನಾಯಿ ಹಿಂಬಾಲಿಸಲಾರಂಭಿಸಿದ ಕ್ಷಣದಲ್ಲೇ ಕಳ್ಳತನ ನಡೆದುಹೋಯಿತು ಎನ್ನುತ್ತದೆ ಕಾನೂನು. 2024ರ ಜುಲೈ 1ರಂದು ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗಲೂ ಈ ನಿದರ್ಶನ 303ನೇ ಸೆಕ್ಷನ್ನಿನಲ್ಲಿ ಹಾಗೆಯೇ ಉಳಿಯಿತು. ಜೇಬಿನಲ್ಲಿ ಈಗ ಬಿಸ್ಕತ್ತು ಇದ್ದೀತು, ಅಷ್ಟೇ ವ್ಯತ್ಯಾಸ.

ಬದಲಾದದ್ದು ನಿದರ್ಶನವಲ್ಲ, ಶಿಕ್ಷೆ. ಹಳೆಯ ಸಂಹಿತೆಯಡಿ ಕದ್ದ ವಸ್ತುವಿನ ಬೆಲೆ ಎಷ್ಟೇ ಇರಲಿ, ಕಳ್ಳತನಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಪೊಲೀಸರು ನೇರವಾಗಿ ತನಿಖೆಗಿಳಿಯಬಹುದಿತ್ತು. ಹೊಸ ಸಂಹಿತೆ ಒಂದು ಗೆರೆ ಎಳೆದಿದೆ. ಕದ್ದ ಸ್ವತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿ ಮೊದಲ ಬಾರಿಗೆ ಸಿಕ್ಕಿಬಿದ್ದವನಾಗಿದ್ದರೆ, ಸ್ವತ್ತನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದ ಮೇಲೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಪ್ರಕರಣ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಠಾಣೆಯಲ್ಲಿ ದೂರನ್ನು ಪುಸ್ತಕದಲ್ಲಿ ಬರೆದುಕೊಂಡು, ದೂರುದಾರರನ್ನು ನ್ಯಾಯಾಲಯದತ್ತ ಕಳುಹಿಸಿದರೆ ಅವರ ಕರ್ತವ್ಯ ಮುಗಿಯಿತು.

ಸಣ್ಣಪುಟ್ಟ ಕಳವಿಗೆ ಜೈಲು ಬೇಡವೆಂಬ ಈ ಸುಧಾರಣೆ ತಾತ್ವಿಕವಾಗಿ ಸರಿಯೇ. ಹೋಟೆಲಿನಲ್ಲಿ ಬ್ರೆಡ್ ಕದ್ದವನು ಸೆರೆಮನೆ ಸೇರಬೇಕೆಂದು ಯಾರೂ ಬಯಸರು. ಆದರೆ ಬೀದಿಯಿಂದ ಎತ್ತಿ ತಂದು ಎಂಟು ವರ್ಷ ಸಾಕಿದ ನಾಯಿಯ ಮಾರುಕಟ್ಟೆ ಬೆಲೆ ಎಷ್ಟು?

ಪ್ರಶ್ನೆ ಕುಚೋದ್ಯದ್ದಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ನಗರವಾಸಿಗಳು ಸಾಕುವ ನಾಯಿಗಳಲ್ಲಿ ಎರಡು ವರ್ಗಗಳಿವೆ. ಶಿಟ್ಜು, ಪಗ್, ಹಸ್ಕಿಯಂಥವಕ್ಕೆ ರಸೀದಿಯುಂಟು, ಬೆಲೆಯುಂಟು. 2016ರಲ್ಲಿ ಕೇಂದ್ರ ಸರ್ಕಾರ ಮರಿ ಹಾಕಿಸಿ ಮಾರುವ ಉದ್ದೇಶದ ನಾಯಿಗಳ ಆಮದಿಗೆ ತಡೆಯೊಡ್ಡಿದ ಮೇಲೆ ಇಲ್ಲಿರುವ ವಿದೇಶಿ ತಳಿಗಳ ಮೇಲೆಯೇ ದಂಧೆಯ ಕಣ್ಣು. ಬೈಕಿನ ಹಿಂದೆ ಕುಳಿತವನ ಮಡಿಲಲ್ಲಿ ಅಡಗುವಷ್ಟು ಪುಟ್ಟ ದೇಹ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣು, ಅಪರಿಚಿತರ ಬಳಿಗೂ ಬಾಲ ಅಲ್ಲಾಡಿಸಿಕೊಂಡು ಹೋಗುವ ಸ್ವಭಾವ: ಕಳ್ಳನಿಗೆ ಬೇಕಾದದ್ದು ಇಷ್ಟೇ. ಕದ್ದ ನಾಯಿಯನ್ನು ಮಾರಿದರೆ ಒಮ್ಮೆ ಲಾಭ; ಮರಿ ಹಾಕಿಸಿದರೆ ಹಲವು ಬಾರಿ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಕೊಳ್ಳುವವರು ನೋಂದಣಿ ಪತ್ರ ಕೇಳುವ ಅಭ್ಯಾಸವಿಟ್ಟುಕೊಂಡಿದ್ದರೆ ಕದ್ದ ತಾಯಿಯ ಮರಿಗಳಿಗೆ ಗಿರಾಕಿ ಸಿಗುವುದೇ ದುಸ್ತರವಾಗುತ್ತಿತ್ತು. ಮೊಬೈಲಿನಲ್ಲಿ ಚಿತ್ರ ನೋಡಿ, ಬಸ್ ನಿಲ್ದಾಣದ ಬಳಿ ಹಣ ಕೊಟ್ಟು ಮರಿ ಪಡೆಯುವವರು ಈ ಪ್ರಶ್ನೆ ಕೇಳುವುದಿಲ್ಲ.

ಎರಡನೆಯ ವರ್ಗ ನಾಡತಳಿಯದು. ಇಂಥ ನಾಯಿಗಳನ್ನೂ ಒಯ್ಯುವವರುಂಟು. ಬೊಗಳಾಟಕ್ಕೆ ಬೇಸತ್ತು ಊರಾಚೆ ಬಿಟ್ಟುಬರುವವರೂ ಅವರಲ್ಲಿ ಸೇರುತ್ತಾರೆ. ಬೀದಿನಾಯಿಗಳನ್ನು ದತ್ತು ಪಡೆಯಿರಿ ಎಂದು ಪಾಲಿಕೆಗಳೂ ಪ್ರಾಣಿದಯಾ ಸಂಘಗಳೂ ಕರೆ ಕೊಡುತ್ತವೆ. ಆ ಕರೆಗೆ ಓಗೊಟ್ಟವರ ನಾಯಿ ಕಳುವಾದಾಗ ಮಾತ್ರ ಕಾನೂನಿನ ಲೆಕ್ಕದಲ್ಲಿ ಅದು ಐದು ಸಾವಿರಕ್ಕಿಂತ ಅಗ್ಗ. ಲಸಿಕೆ, ಶಸ್ತ್ರಚಿಕಿತ್ಸೆ, ಆಹಾರಕ್ಕೆ ಸುರಿದ ಹಣ ಮೌಲ್ಯವೆನಿಸುತ್ತದೆಯೇ ಎಂಬುದನ್ನು ಸೆಕ್ಷನ್ ಹೇಳುವುದಿಲ್ಲ. ದೂರು ಬರೆದುಕೊಳ್ಳುವ ಅಧಿಕಾರಿಯ ಮನೋಧರ್ಮವೇ ಅಲ್ಲಿ ನಿರ್ಣಾಯಕ. ವಾಸದ ಮನೆಯೊಳಗಿಂದ ಕದ್ದರೆ 305ನೇ ಸೆಕ್ಷನ್ ಅನ್ವಯಿಸುತ್ತದೆ, ಅಲ್ಲಿ ಬೆಲೆಯ ಗೆರೆಯಿಲ್ಲ. ಆದರೆ ಬೆಳಗಿನ ಹೊತ್ತು ಗೇಟಿನಾಚೆ ಬಿಟ್ಟ ನಾಯಿಯೇ ಸುಲಭದ ತುತ್ತು.

ವಿಪರ್ಯಾಸ ಇನ್ನೊಂದಿದೆ. ಪ್ರಾಣಿಯನ್ನು ಕೊಂದ ಅಥವಾ ಅಂಗವಿಕಲಗೊಳಿಸಿದ ಅಪರಾಧಕ್ಕೆ ಹಳೆಯ ಸಂಹಿತೆ ಹತ್ತು ರೂಪಾಯಿ, ಐವತ್ತು ರೂಪಾಯಿ ಎಂಬ ಮೌಲ್ಯದ ಮಿತಿ ಹಾಕಿತ್ತು. ಹೊಸ ಸಂಹಿತೆಯ 325ನೇ ಸೆಕ್ಷನ್ ಆ ಮಿತಿಯನ್ನು ಕಿತ್ತೊಗೆದು, ಯಾವುದೇ ಪ್ರಾಣಿಯಾದರೂ ಐದು ವರ್ಷಗಳವರೆಗೆ ಶಿಕ್ಷೆ ಎಂದಿತು. ಒಂದೇ ಕಾಯಿದೆ, ನಾಯಿಯನ್ನು ಕೊಂದಾಗ ಬೆಲೆ ಕೇಳುವುದಿಲ್ಲ, ಕದ್ದಾಗ ಕೇಳುತ್ತದೆ.

ಇದೇ 2024ರಲ್ಲಿ ಬ್ರಿಟನ್ ವಿರುದ್ಧ ದಿಕ್ಕಿಗೆ ಹೊರಳಿತು. ಇಂಗ್ಲೆಂಡಿನ ಹಳೆಯ ಸಾಮಾನ್ಯ ಕಾನೂನಿನಲ್ಲಿ ನಾಯಿ ಕದಿಯಬಲ್ಲ ಸ್ವತ್ತೇ ಆಗಿರಲಿಲ್ಲ. ಲಂಡನ್ನಿನಲ್ಲಿ ನಾಯಿ ಕದ್ದು ಒತ್ತೆಹಣ ವಸೂಲಿ ಮಾಡುವ ತಂಡಗಳ ಹಾವಳಿ ಮಿತಿಮೀರಿ, 1845ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ತಮ್ಮ ಫ್ಲಶ್ ಎಂಬ ನಾಯಿಯನ್ನು ಮೂರು ಬಾರಿ ಕಳೆದುಕೊಂಡು ಹಣ ತೆತ್ತು ಬಿಡಿಸಿಕೊಂಡದ್ದು ಆ ಕಾಲದಲ್ಲೇ. ಕೋವಿಡ್ ಅವಧಿಯಲ್ಲಿ ಮರಿಗಳ ಬೆಲೆ ಗಗನಕ್ಕೇರಿ ಕಳವಿನ ಆತಂಕ ಹೆಚ್ಚಿದಾಗ ಬ್ರಿಟಿಷ್ ಸರ್ಕಾರ 2021ರಲ್ಲಿ ಕಾರ್ಯಪಡೆ ರಚಿಸಿತು. ಅದರ ಶಿಫಾರಸಿನ ದಾರಿಯಲ್ಲೇ ಬಂದ ಸಾಕುಪ್ರಾಣಿ ಅಪಹರಣ ಕಾಯಿದೆ 2024ರ ಆಗಸ್ಟ್ 24ರಂದು ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ಜಾರಿಯಾಯಿತು. ನಾಯಿ, ಬೆಕ್ಕುಗಳ ಅಪಹರಣಕ್ಕೆ ಐದು ವರ್ಷಗಳವರೆಗೆ ಸೆರೆ. ತಳಿ, ಬೆಲೆಗಳ ಗೊಡವೆಯಿಲ್ಲ.

ಕಳ್ಳನನ್ನು ಹಿಡಿದ ಮೇಲೂ ತಂಟೆ ತೀರುವುದಿಲ್ಲ. ಈ ನಾಯಿ ನಿಮ್ಮದೇ ಎಂಬುದಕ್ಕೆ ಪುರಾವೆಯೇನು? ಕೊರಳಪಟ್ಟಿ ಬಿಚ್ಚಲು ಅರೆಕ್ಷಣ ಸಾಕು. ಚರ್ಮದಡಿ ಇಡುವ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ನಾಯಿ ಎಲ್ಲಿದೆ ಎಂದು ತೋರಿಸದು, ಅದರಲ್ಲಿರುವುದು ಒಂದು ಸಂಖ್ಯೆ ಮಾತ್ರ. ಇಂಗ್ಲೆಂಡಿನಲ್ಲಿ 2016ರಿಂದಲೇ ನಾಯಿಗೆ ಚಿಪ್ ಕಡ್ಡಾಯ, ಸಂಖ್ಯೆಯೊಡನೆ ಮಾಲೀಕರ ವಿವರ ನೋಂದಣಿಯಾಗಿರಬೇಕು. ಇಲ್ಲಿ ಲಸಿಕೆ ಪುಸ್ತಕ, ಪಾಲಿಕೆಯ ಪರವಾನಗಿ, ಮೈಮೇಲಿನ ಗುರುತು ಕಾಣುವ ಛಾಯಾಚಿತ್ರಗಳೇ ಆಧಾರ. ನಾಡತಳಿಯ ನಾಯಿ ಸಾಕುವವರು ಪರವಾನಗಿಯ ಗೋಜಿಗೆ ಹೋಗದಿರುವುದೇ ಹೆಚ್ಚು. ಅವರಿಗೇ ಅದರ ಅಗತ್ಯವೂ ಹೆಚ್ಚು.

ಇದಕ್ಕೆಲ್ಲ ಬ್ರಿಟನ್ನಿನಂತೆ ಪ್ರತ್ಯೇಕ ಕಾಯಿದೆ ಬೇಕಿಲ್ಲ. ಐದು ಸಾವಿರದ ವಿನಾಯಿತಿ ಜೀವಂತ ಪ್ರಾಣಿಗಳ ಕಳವಿಗೆ ಅನ್ವಯಿಸದೆಂಬ ಒಂದು ಸಾಲು ಸೇರಿದರೆ ಠಾಣೆಯ ಮೆಟ್ಟಿಲಲ್ಲೇ ದೂರು ಸಾಯುವುದು ತಪ್ಪುತ್ತದೆ. ಮನೆಯ ಒಂದೇ ಮೇಕೆಮರಿ ಕಳೆದುಕೊಂಡ ಹಳ್ಳಿಯ ಕುಟುಂಬಕ್ಕೂ ಅದು ನೆರವಾಗುತ್ತದೆ. ದಂಡ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ, ರಾಷ್ಟ್ರಪತಿಯವರ ಅಂಕಿತ ಪಡೆದು ಇಂಥ ತಿದ್ದುಪಡಿ ತರುವ ಅಧಿಕಾರ ರಾಜ್ಯ ವಿಧಾನಮಂಡಲಕ್ಕೂ ಇದೆ.