ಮಾದರಿ ರೈಲುಹಲಗೆಯ ಮೇಲೆ ಒಂಟಿ ಕಂಬಿಯ ಬಂಡಿ

ಮಾದರಿ ರೈಲು ಎಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದ ವಸ್ತುವೇ ಸರಿ. ಅಗಲವಾದ ಹಲಗೆಯೊಂದರ ಮೇಲೆ ಸಣ್ಣ ಕಂಬಿಗಳನ್ನು ಹಾಸಿ, ನಿಲ್ದಾಣ, ಸೇತುವೆ, ಸುರಂಗ, ಗುಡ್ಡ, ಹೊಲಗದ್ದೆಗಳನ್ನು ಅಳತೆಗೆ ಒಪ್ಪುವಂತೆ ನಿರ್ಮಿಸಿ, ಅವುಗಳ ನಡುವೆ ವಿದ್ಯುಚ್ಛಕ್ತಿಯಿಂದ ಪುಟ್ಟ ಬಂಡಿಗಳನ್ನು ಓಡಿಸುವ ಈ ವಿನೋದವು ಮಕ್ಕಳಿಗೂ ಹಿರಿಯರಿಗೂ ಸಮನಾಗಿ ಪ್ರಿಯವಾದದ್ದು. ಇಂಥ ಹಲಗೆಗೆ ಲೇಔಟ್ ಎಂಬ ಹೆಸರುಂಟು. ಈ ಲೇಖನದಲ್ಲಿ ನಾವು ಅದನ್ನು ರೈಲುಹಲಗೆ ಎಂದೇ ಕರೆಯುವೆವು. ಹೀಗೆ ಶ್ರಮಪಟ್ಟು ಕಟ್ಟಿದ ರೈಲುಹಲಗೆಯ ಮೇಲೆ, ಅಂಗಡಿಯಿಂದ ತಂದ ಆಟಿಕೆಯ ಮಾನೊರೈಲನ್ನು, ಎಂದರೆ ಒಂಟಿ ಕಂಬಿಯ ಬಂಡಿಯನ್ನು, ಸೇರಿಸಬಹುದೋ ಕೂಡದೋ ಎಂಬುದೇ ನಾವು ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ಮಕ್ಕಳ ಕೈಗೆ ಏನನ್ನು ಕೊಡಬೇಕು, ಯಾವ ಮಕ್ಕಳ ಕೈಗೆ ಕೊಡಬೇಕು ಎಂಬ ದೊಡ್ಡ ಪ್ರಶ್ನೆಯು ಇದರೊಳಗೆ ಅಡಗಿರುವುದರಿಂದ, ಬಾಲಿಕೆಯರ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಇದನ್ನು ಚರ್ಚಿಸುವುದು ಅನುಚಿತವಾಗಲಾರದೆಂದು ನಂಬುತ್ತೇವೆ.

ಕೂಡದೆನ್ನುವವರು ಸಾಮಾನ್ಯವಾಗಿ ಮೂರು ಆಕ್ಷೇಪಣೆಗಳನ್ನು ತರುತ್ತಾರೆ. ಒಂಟಿ ಕಂಬಿಯ ಬಂಡಿಯು ಕೇವಲ ಕಲ್ಪನೆಯ ವಸ್ತು, ನಿಜವಾದ ರೈಲಿನ ಪಕ್ಕದಲ್ಲಿ ನಿಲ್ಲತಕ್ಕದ್ದಲ್ಲ ಎಂಬುದು ಮೊದಲನೆಯದು. ಆಟಿಕೆಯು ಅಳತೆಗೆ ಒಗ್ಗುವುದಿಲ್ಲವಾದುದರಿಂದ ಹಲಗೆಯ ಅಂದವು ಕೆಡುವುದೆಂಬುದು ಎರಡನೆಯದು. ಮಾದರಿಯು ಬಲ್ಲವರ ಕೆಲಸ, ಆಟಿಕೆಯು ಮಕ್ಕಳ ಸಾಮಾನು, ಎರಡನ್ನೂ ಬೆರಸಲಾಗದು ಎಂಬುದು ಮೂರನೆಯದು. ಇವುಗಳನ್ನು ಒಂದೊಂದಾಗಿ ನೋಡೋಣ.

ಒಂಟಿ ಕಂಬಿಯ ಬಂಡಿಯು ನಿನ್ನೆ ಮೊನ್ನೆಯ ಕನಸಲ್ಲ. ಹೆನ್ರಿ ಪಾಮರ್ ಎಂಬ ಆಂಗ್ಲ ಇಂಜಿನಿಯರನು 1821ರಲ್ಲಿಯೇ ಇದರ ಹಕ್ಕುಪತ್ರವನ್ನು ಪಡೆದನು. 1825ನೆಯ ಇಸವಿಯ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಚೆಸ್‌ಹಂಟ್ ಎಂಬಲ್ಲಿ ಇಟ್ಟಿಗೆಗಳನ್ನು ಸಾಗಿಸುವುದಕ್ಕಾಗಿ ಕುದುರೆಯೆಳೆಯುವ ಇಂಥ ಬಂಡಿಯು ಓಡಿತು. ಪ್ರಾರಂಭದ ದಿನ ಅದರಲ್ಲಿ ಜನರೂ ಕುಳಿತು ಪ್ರಯಾಣ ಮಾಡಿದರು. ಪ್ರಸಿದ್ಧವಾದ ಸ್ಟಾಕ್‌ಟನ್-ಡಾರ್ಲಿಂಗ್ಟನ್ ರೈಲುಮಾರ್ಗವು ತೆರೆದದ್ದು ಅದಾದ ಮೂರು ತಿಂಗಳ ಮೇಲೆ. ಐರ್ಲೆಂಡಿನಲ್ಲಿ ಲಿಸ್ಟೋವೆಲ್ ಊರಿನಿಂದ ಬ್ಯಾಲಿಬನಿಯನ್ ಕಡಲತೀರಕ್ಕೆ 1888ರಿಂದ 1924ರ ವರೆಗೆ ಒಂಟಿ ಕಂಬಿಯ ಉಗಿಬಂಡಿಯು ನಡೆಯಿತು. ಜರ್ಮನಿಯ ವುಪರ್ಟಾಲ್ ಪಟ್ಟಣದಲ್ಲಿ 1901ರಲ್ಲಿ ಆರಂಭವಾದ ತೂಗುಬಂಡಿಯು ಬಹುಪಾಲು ನದಿಯ ಮೇಲೆ ಕಂಬಿಗೆ ಜೋತುಬಿದ್ದು ಹದಿಮೂರು ಕಿಲೋಮೀಟರುಗಳಷ್ಟು ದೂರ ಇಂದಿಗೂ ಓಡುತ್ತಿದೆ. 1950ರಲ್ಲಿ ಸರ್ಕಸ್ಸಿನವರು ಟುಫಿ ಎಂಬ ಆನೆಮರಿಯನ್ನು ಪ್ರಚಾರಕ್ಕಾಗಿ ಅದರಲ್ಲಿ ಹತ್ತಿಸಿದಾಗ, ಅದು ಬೆದರಿ ಕೆಳಗಿನ ವುಪರ್ ನದಿಗೆ ಹಾರಿತು. ದೇವರ ದಯದಿಂದ ಸ್ವಲ್ಪ ಗಾಯದೊಡನೆ ಬದುಕಿಕೊಂಡಿತು. ಟೋಕಿಯೋ ನಗರದಲ್ಲಿ 1964ರ ಒಲಿಂಪಿಕ್ ಪಂದ್ಯಗಳಿಗೆ ಮುಂಚಿತವಾಗಿ ವಿಮಾನ ನಿಲ್ದಾಣಕ್ಕೆ ಇಂಥದೇ ಮಾರ್ಗವನ್ನು ಕಟ್ಟಿದರು.

ನಮ್ಮ ದೇಶವೂ ಇದರಲ್ಲಿ ಹಿಂದುಳಿದಿರಲಿಲ್ಲ. ಮುನ್ನಾರಿನ ಚಹದ ತೋಟಗಳಲ್ಲಿ 1902ರಲ್ಲಿ ಹಾಕಿದ ಕುಂಡಳ ಕಣಿವೆಯ ಒಂಟಿ ಕಂಬಿಯ ಮೇಲೆ ಎತ್ತುಗಳು ಬಂಡಿಯನ್ನೆಳೆದವು. 1908ರಲ್ಲಿ ಅದಕ್ಕೆ ಬದಲಾಗಿ ಕಿರಿದಾದ ಜೋಡಿ ಕಂಬಿಗಳ ರೈಲನ್ನು ಹಾಕಿದರು. 1924ರ ಮಹಾಪ್ರವಾಹದಲ್ಲಿ ಅದೂ ಕೊಚ್ಚಿಹೋಯಿತು. ಪಟಿಯಾಲಾ ಸಂಸ್ಥಾನದಲ್ಲಿ 1907ರಿಂದ 1927ರ ವರೆಗೆ ನಡೆದ ಮಾರ್ಗದಲ್ಲಿ ಬಂಡಿಯ ಭಾರದ ಬಹುಪಾಲು ಒಂದೇ ಕಂಬಿಯ ಮೇಲಿದ್ದು, ತೂಕ ಸರಿಪಡಿಸುವುದಕ್ಕಾಗಿ ಪಕ್ಕದ ದೊಡ್ಡ ಗಾಲಿಯೊಂದು ರಸ್ತೆಯ ಮೇಲೆ ಉರುಳುತ್ತಿತ್ತು. ಅದರ ಉಗಿಯಂತ್ರವೊಂದನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟಿದ್ದಾರೆ. ಮುಂಬಯಿಯಲ್ಲಿ 2014ರಲ್ಲಿ ಮಾನೊರೈಲು ಪ್ರಾರಂಭವಾದುದು ನಮ್ಮ ಬಾಲಿಕೆಯರ ತಾಯ್ತಂದೆಗಳಿಗೆ ನೆನಪಿರಬಹುದು. ಆದಕಾರಣ ಒಂಟಿ ಕಂಬಿಯ ಬಂಡಿಗೆ ರೈಲುಹಲಗೆಯ ಮೇಲೆ ಹಕ್ಕಿಲ್ಲವೆನ್ನುವುದು ಚರಿತ್ರೆಯನ್ನು ತಿಳಿಯದವರ ಮಾತು.

ಇನ್ನು ಅಳತೆಯ ವಿಷಯ. ಬಹು ಜನರು ಬಳಸುವ ಎಚ್.ಒ. ಎಂಬ ಅಳತೆಯಲ್ಲಿ ನಿಜವಾದ ವಸ್ತುವಿನ 87ನೆಯ ಒಂದು ಪಾಲು ಮಾದರಿಯಲ್ಲಿರುತ್ತದೆ. ಕಂಬಿಗಳ ನಡುವಣ ಅಂತರವು 16.5 ಮಿಲಿಮೀಟರು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಬಾರದೆನ್ನುವವರನ್ನು ನಾವು ಎರಡು ಲೆಕ್ಕ ಕೇಳುತ್ತೇವೆ. ನಮ್ಮ ದೇಶದ ಬ್ರಾಡ್‌ಗೇಜ್ ಕಂಬಿಗಳ ಅಂತರವು 1676 ಮಿಲಿಮೀಟರು; ಅದನ್ನು 87ರಿಂದ ಭಾಗಿಸಿದರೆ 19ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಹೀಗಿರಲಾಗಿ ನಮ್ಮ ಇಂಜಿನಿನ ಮಾದರಿಯನ್ನು 16.5ರ ಕಂಬಿಯ ಮೇಲೆ ಓಡಿಸುವವರು ಆಗಲೇ ಅಳತೆಯನ್ನು ಸಡಿಲಿಸಿದವರಲ್ಲವೆ? ಎರಡನೆಯದಾಗಿ, 18 ಅಂಗುಲ ತ್ರಿಜ್ಯದ ತಿರುವನ್ನು ರೈಲುಹಲಗೆಗಳಲ್ಲಿ ಧಾರಾಳವಾಗಿ ಹಾಕುತ್ತಾರೆ. ಅದನ್ನು 87ರಿಂದ ಗುಣಿಸಿದರೆ ಸುಮಾರು 40 ಮೀಟರಾಯಿತು. ಅಷ್ಟು ಬಿಗಿಯಾದ ತಿರುವನ್ನು ಯಾವ ಬ್ರಾಡ್‌ಗೇಜ್ ಮುಖ್ಯಮಾರ್ಗದಲ್ಲಿಯೂ ಕಾಣಲಾರೆವು. ಕೋಣೆಯು ಚಿಕ್ಕದಾದುದರಿಂದ ತಿರುವಿಗೆ ಕ್ಷಮೆಯುಂಟು. ಆಟಿಕೆಗೆ ಮಾತ್ರ ಕ್ಷಮೆಯಿಲ್ಲವೆನ್ನುವುದು ನ್ಯಾಯವಲ್ಲ.

ಹಾಗೆಂದು ತಂದದ್ದನ್ನು ತಂದಂತೆ ಹಲಗೆಯ ಮೇಲೆ ಎಸೆಯಬಹುದೆಂದು ನಾವು ಹೇಳುವುದಿಲ್ಲ. ಆಟಿಕೆಯ ಬಂಡಿಗಳು ನಾನಾ ಬಗೆಯವು. ಲೀಗೊ ಸಂಸ್ಥೆಯವರು 1987ರಲ್ಲಿ ಹೊರತಂದ ಬಂಡಿಯು ಹಲ್ಲುಗಳುಳ್ಳ ತೊಲೆಯ ಮೇಲೆ ಓಡುವಂಥದು. ಡಿಸ್ನಿ ಉದ್ಯಾನಗಳ ಬಂಡಿಯನ್ನು ಹೋಲುವ ಆಟಿಕೆಗಳು ಬ್ಯಾಟರಿಯಿಂದ ಓಡುವಂಥವು. ಇವು ಯಾವುವೂ ರೈಲುಹಲಗೆಯ ಅಳತೆಗೆಂದೇ ಮಾಡಿದವಲ್ಲ. ಬಂಡಿಯನ್ನು ನೋಡದೆ ಕಂಬ ನೆಡುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ. ಆದ್ದರಿಂದ ಮೊದಲು ಅಳೆಯತಕ್ಕದ್ದು. ಆರು ಅಡಿ ಎತ್ತರದ ಮನುಷ್ಯನು ಎಚ್.ಒ. ಅಳತೆಯಲ್ಲಿ 21 ಮಿಲಿಮೀಟರು ಎತ್ತರವಾಗುತ್ತಾನೆ. ಅಂಥ ಗೊಂಬೆಯೊಂದನ್ನು ಆಟಿಕೆಯ ಬಾಗಿಲ ಬಳಿ ನಿಲ್ಲಿಸಿ ನೋಡಿರಿ. ಬಾಗಿಲು ಗೊಂಬೆಗಿಂತ ಬಹಳ ದೊಡ್ಡದಾಗಿದ್ದರೆ ಆ ಬಂಡಿಯನ್ನು ಹಲಗೆಯ ಮುಂಭಾಗದಲ್ಲಿ, ನೋಡುವವರ ಸಮೀಪಕ್ಕೆ ಇಡಬೇಕು. ಚಿಕ್ಕದಾಗಿದ್ದರೆ ಹಿಂಭಾಗದಲ್ಲಿ, ಗುಡ್ಡಗಳ ಆಚೆಗೆ ಇಡಬೇಕು. ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣುವುದು ಕಣ್ಣಿನ ಸ್ವಭಾವವಾದುದರಿಂದ, ತಪ್ಪು ಅಳತೆಯೇ ಚಿತ್ರಕ್ಕೆ ಆಳವನ್ನು ಕೊಡುವುದು.

ಎರಡನೆಯದಾಗಿ ಕಂಬಗಳನ್ನು ನೆಡುವ ಜಾಗವನ್ನು ಗೊತ್ತುಮಾಡತಕ್ಕದ್ದು. ತೊಲೆಯ ಕೆಳಗೆ ರೈಲು ಹಾಯಬೇಕಾದರೆ ಎಚ್.ಒ. ಅಳತೆಯಲ್ಲಿ ಕಂಬಿಯ ಮೇಲ್ಮೈಯಿಂದ ಮೂರು ಅಂಗುಲವಾದರೂ ತೆರಪಿರಬೇಕು. ತಿರುವಿನಲ್ಲಿ ಉದ್ದವಾದ ಡಬ್ಬಿಯ ತುದಿಗಳು ಹೊರಕ್ಕೂ ನಡುಭಾಗವು ಒಳಕ್ಕೂ ಸರಿಯುವುದರಿಂದ, ತಮ್ಮಲ್ಲಿರುವ ಅತ್ಯಂತ ಉದ್ದದ ಡಬ್ಬಿಯನ್ನು ಕೈಯಿಂದ ಮೆಲ್ಲನೆ ತಳ್ಳಿ ನೋಡಿದ ಬಳಿಕವೇ ಕಂಬಕ್ಕೆ ಗುರುತು ಹಾಕಬೇಕು. ತೊಲೆಯ ಉದ್ದಕ್ಕೂ ರಸಮಟ್ಟವನ್ನಿಟ್ಟು ಸಮ ಮಾಡಬೇಕು. ಆಟಿಕೆಯ ಮೋಟಾರಿಗೆ ಏರು ಹತ್ತುವ ಬಲ ಸಾಲದು.

ಮೂರನೆಯದು ವೇಗ. ಗಂಟೆಗೆ 60 ಕಿಲೋಮೀಟರು ಓಡುವ ರೈಲು ಎಚ್.ಒ. ಅಳತೆಯಲ್ಲಿ ಒಂದು ಸೆಕೆಂಡಿಗೆ ಸುಮಾರು 19 ಸೆಂಟಿಮೀಟರು ಮಾತ್ರ ಮುಂದೆ ಹೋಗಬೇಕು. ಆಟಿಕೆಯು ಎರಡು ಸೆಕೆಂಡಿನಲ್ಲಿ ಒಂದು ಮೀಟರು ಓಡಿತೆಂದರೆ, ಅದು ಗಂಟೆಗೆ ಸುಮಾರು 157 ಕಿಲೋಮೀಟರು ಓಡಿದ ಲೆಕ್ಕ! 1.5 ವೋಲ್ಟಿನ ಸಾಧಾರಣ ಸೆಲ್ಲುಗಳ ಬದಲು ಮತ್ತೆ ಮತ್ತೆ ಚಾರ್ಜು ಮಾಡುವ 1.2 ವೋಲ್ಟಿನ ಸೆಲ್ಲುಗಳನ್ನು ಹಾಕಿದರೆ ಐದನೆಯ ಒಂದು ಪಾಲು ಒತ್ತಡ ಕಡಿಮೆಯಾಗಿ ಓಟವು ತಕ್ಕಮಟ್ಟಿಗೆ ತಗ್ಗುತ್ತದೆ. ಆದರೆ ಬ್ಯಾಟರಿಯ ಆಟಿಕೆಯನ್ನು ರೈಲುಕಂಬಿಯ ವಿದ್ಯುತ್ತಿಗೆ ಎಂದಿಗೂ ಜೋಡಿಸಕೂಡದು. ಕಂಬಿಯಲ್ಲಿ 12 ವೋಲ್ಟು ಅಥವಾ ಅದಕ್ಕೂ ಹೆಚ್ಚಿನ ಒತ್ತಡವಿರುವುದರಿಂದ ಸಣ್ಣ ಮೋಟಾರು ಸುಟ್ಟುಹೋದೀತು.

ಈಗ ಮೂರನೆಯ ಆಕ್ಷೇಪಣೆಗೆ ಬರೋಣ. ಆಟಿಕೆಗೂ ಮಾದರಿಗೂ ಸಂಬಂಧವಿಲ್ಲವೆನ್ನುವವರು ಒಂದನ್ನು ಮರೆಯುತ್ತಾರೆ. ಜರ್ಮನಿಯ ಮಾರ್ಕ್ಲಿನ್ ಕಂಪೆನಿಯವರು 1891ರಲ್ಲಿ ಕಂಬಿಯ ಅಂತರಗಳಿಗೆ ಕ್ರಮವಾದ ಅಳತೆಗಳನ್ನು ಗೊತ್ತುಮಾಡಿದ್ದು ಆಟಿಕೆಯ ರೈಲುಗಳಿಗಾಗಿಯೇ. ಮಾದರಿ ರೈಲೆಂಬ ಮರದ ಬೇರು ಆಟಿಕೆಯಲ್ಲಿಯೇ ಇದೆ. ವಸ್ತುವು ಆಟಿಕೆಯೋ ಮಾದರಿಯೋ ಎಂಬುದು ಕೊಂಡ ಅಂಗಡಿಯಿಂದಲ್ಲ, ಇಟ್ಟ ರೀತಿಯಿಂದ ತೀರ್ಮಾನವಾಗತಕ್ಕದ್ದು. ಅಳೆದು, ಯೋಚಿಸಿ, ತನ್ನ ಕೈಯಿಂದ ಕಂಬ ನಿಲ್ಲಿಸಿದ ಬಾಲಿಕೆಯ ಆಟಿಕೆಯು ಪಾಠವಾಗುತ್ತದೆ. ಯಾರೂ ಮುಟ್ಟದಂತೆ ಗಾಜಿನೊಳಗಿಟ್ಟ ಶುದ್ಧವಾದ ಮಾದರಿಯು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಒಂಟಿ ಕಂಬಿಯ ಬಂಡಿಗೆ ಸ್ಥಳ ಕೊಡುವುದಕ್ಕೆ ಮುಖ್ಯವಾದ ಕಾರಣವೇ ಬೇರೆ. ಅದು ಜೋಡಿ ಕಂಬಿಯ ಪಕ್ಕದಲ್ಲಿ ಓಡಿದ ಕೂಡಲೆ ಮಗುವಿನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಒಂದೇ ಕಂಬಿ ಸಾಕಾದರೆ ಲೋಕವೆಲ್ಲ ಎರಡನ್ನೇಕೆ ಹಾಕಿತು? ಉತ್ತರವು ಹಲಗೆಯ ಮೇಲೆಯೇ ಇದೆ. ಜೋಡಿ ಕಂಬಿಯಲ್ಲಿ ಬಂಡಿಯನ್ನು ಕವಲುದಾರಿಗೆ ತಿರುಗಿಸಬೇಕಾದರೆ ತೆಳುವಾದ ಎರಡು ಕಂಬಿತುದಿಗಳನ್ನು ಸ್ವಲ್ಪ ಸರಿಸಿದರೆ ಸಾಕು. ಒಂಟಿ ತೊಲೆಯಲ್ಲಿ ತೊಲೆಯ ತುಂಡನ್ನೇ ಸರಿಸಬೇಕು. ಜೋಡಿ ಕಂಬಿಯನ್ನು ಎತ್ತಿನಗಾಡಿಯೂ ದಾಟಬಹುದು; ನೆಲದಿಂದೆದ್ದು ನಿಂತ ಒಂಟಿ ಕಂಬಿಯನ್ನು ದಾಟಲಾಗದು. ಬ್ಯಾಲಿಬನಿಯನ್ ಮಾರ್ಗದಲ್ಲಿ ರಸ್ತೆಗಳಿಗಾಗಿ ಎತ್ತುವ ಸೇತುವೆಗಳನ್ನು ಇಡಬೇಕಾಯಿತು. ಅಲ್ಲಿ ಒಂಟೆಯ ಬೆನ್ನಿನ ಹೇರಿನಂತೆ ಬಂಡಿಯ ಎರಡು ಪಕ್ಕಗಳೂ ಸಮತೂಕವಾಗಿರಬೇಕಾಗಿದ್ದುದರಿಂದ, ಒಂದು ಪಕ್ಕದ ಪಿಯಾನೊ ವಾದ್ಯಕ್ಕೆ ಸರಿದೂಗಿಸಲು ಇನ್ನೊಂದು ಪಕ್ಕಕ್ಕೆ ಎರಡು ಕರುಗಳನ್ನು ಹತ್ತಿಸಿದರೆಂದೂ, ಆ ಕರುಗಳನ್ನು ಹಿಂದಕ್ಕೆ ತರುವಾಗ ಪಕ್ಕಕ್ಕೊಂದರಂತೆ ಕೂಡಿಸಿದರೆಂದೂ ಒಂದು ಕಥೆಯುಂಟು. ಕಥೆಯನ್ನು ಕೇಳಿ ನಗುವ ಹುಡುಗಿಯು ತಕ್ಕಡಿಯ ನಿಯಮವನ್ನು ಎಂದಿಗೂ ಮರೆಯಳು. ನೆಲವು ಇಕ್ಕಟ್ಟಾದ ಪಟ್ಟಣದಲ್ಲಿಯಾದರೋ, ನದಿಯ ಮೇಲಣ ಬಯಲನ್ನೇ ಬೀದಿಯಾಗಿ ಮಾಡಿಕೊಂಡ ವುಪರ್ಟಾಲಿನ ಬಂಡಿಯು ಗೆದ್ದಿತು. ಯಾವ ಯಂತ್ರವೂ ತನ್ನಷ್ಟಕ್ಕೇ ಮೇಲಲ್ಲ, ಕೀಳಲ್ಲ. ತಕ್ಕ ಸ್ಥಳದಲ್ಲಿ ಅದು ಉತ್ತಮವೆಂಬ ಈ ವಿವೇಕವನ್ನು ಪುಸ್ತಕದ ಹತ್ತು ಪುಟಗಳಿಗಿಂತ ಒಂದು ಹಲಗೆಯು ಚೆನ್ನಾಗಿ ಕಲಿಸುತ್ತದೆ.

ಕಡೆಯದಾಗಿ, ಇದನ್ನು ಯಾರು ಕಟ್ಟಬೇಕು? ಗಂಡುಮಗುವಿಗೆ ರೈಲನ್ನೂ ಹೆಣ್ಣುಮಗುವಿಗೆ ಗೊಂಬೆಯನ್ನೂ ಅಡಿಗೆಯ ಪುಟ್ಟ ಪಾತ್ರೆಗಳನ್ನೂ ತಂದುಕೊಡುವ ರೂಢಿಯು ನಮ್ಮ ಮನೆಗಳಿಂದ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಅಣ್ಣನು ಓಡಿಸುವಾಗ ತಂಗಿಯು ಚಪ್ಪಾಳೆ ತಟ್ಟುವಳು, ಬಿದ್ದ ಡಬ್ಬಿಯನ್ನು ಎತ್ತಿಕೊಡುವಳು, ಅಷ್ಟೇ. ಹುಡುಗಿಯರಿಗೆ ರೈಲು ಬೇಕಾದರೆ ಅದನ್ನು ಬೇರೆಯಾಗಿ ಸಿಂಗರಿಸಿ ಕೊಡಬೇಕೆಂದು ಭಾವಿಸುವವರೂ ಉಂಟು. ಅಮೆರಿಕೆಯ ಲಯನೆಲ್ ಕಂಪೆನಿಯವರು 1957ರಲ್ಲಿ ಬಾಲಿಕೆಯರಿಗೆಂದೇ ಗುಲಾಬಿ ಬಣ್ಣದ ಇಂಜಿನನ್ನೂ ಎಳೆಬಣ್ಣದ ಡಬ್ಬಿಗಳನ್ನೂ ಮಾಡಿ ಮಾರಲು ಹೋದರು. ಅದು ಅಂಗಡಿಗಳಲ್ಲಿ ಕೊಳ್ಳುವವರಿಲ್ಲದೆ ಉಳಿಯಿತು. ಗುಲಾಬಿ ಬಣ್ಣದ ಉಗಿಯಂತ್ರವನ್ನು ಯಾವ ಹುಡುಗಿಯು ಯಾವ ನಿಲ್ದಾಣದಲ್ಲಿ ನೋಡಿದ್ದಾಳೆ? ಮಕ್ಕಳಿಗೆ ಬೇಕಾದುದು ನಿಜವನ್ನು ಹೋಲುವ ವಸ್ತು, ಹೆಣ್ಣುಮಕ್ಕಳೂ ಮಕ್ಕಳೇ. ಭಾರತದ ಮೊದಲ ರೈಲು ಚಾಲಕಿಯೆಂದು ಹೆಸರಾದ ಸುರೇಖಾ ಯಾದವ್ ಅವರು 2023ರ ಮಾರ್ಚಿಯಲ್ಲಿ ವಂದೇ ಭಾರತ್ ರೈಲನ್ನು ಸೊಲ್ಲಾಪುರದಿಂದ ಮುಂಬಯಿಗೆ ನಡೆಸಿಕೊಂಡು ಬಂದರು. ನಿಜವಾದ ರೈಲನ್ನು ನಡೆಸಬಲ್ಲ ಕೈಗಳಿಗೆ ಮಾದರಿಯನ್ನು ಮುಟ್ಟಬೇಡವೆನ್ನುವುದು ಎಂಥ ನ್ಯಾಯ?

ಆದುದರಿಂದ ತಾಯ್ತಂದೆಗಳಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ರೈಲುಹಲಗೆಯಿರುವ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಆಟಿಕೆಯ ಮಾನೊರೈಲನ್ನು ಬಾಗಿಲಲ್ಲೇ ತಡೆಯಬೇಡಿರಿ. ಆದರೆ ಅದನ್ನು ಕಟ್ಟಿ ಮುಗಿಸಿ ಮಕ್ಕಳ ಮುಂದೆ ಓಡಿಸಿ ತೋರಿಸಲೂ ಬೇಡಿರಿ. ಅಳತೆಪಟ್ಟಿ, ರಸಮಟ್ಟ, ಗರಗಸ, ಸರೇಸುಗಳನ್ನು ಹುಡುಗಿಯರ ಕೈಗೇ ಕೊಡಿರಿ. ಮೊದಲ ಕಂಬವು ಓರೆಯಾದೀತು. ಬಂಡಿಯು ತಿರುವಿನಲ್ಲಿ ಉರುಳೀತು. ಆಗ ಎದ್ದು ಹೋಗಿ ಸರಿಮಾಡದೆ ಸ್ವಲ್ಪ ಹೊತ್ತು ಸುಮ್ಮನಿರುವುದೇ ಹಿರಿಯರ ಪಾಲಿನ ಕೆಲಸ. ಎರಡನೆಯ ಕಂಬವನ್ನು ಅವರು ನೆಟ್ಟಗೆ ನಿಲ್ಲಿಸುವರು.