ಸುಂಟರಗಾಳಿ ಅನ್ನೋ ಸುಲಭದ ನೆಪ

ಕೃಷ್ಣಮೂರ್ತಿಪುರಂನಲ್ಲಿ ಭರಣಿ ಮಳೆಗೆ ಒಂದು ಕ್ರಮ ಇದೆ. ಮಧ್ಯಾಹ್ನವೆಲ್ಲ ಧಗೆ, ನಾಲ್ಕು ಗಂಟೆಗೆ ಕಪ್ಪು ಮೋಡ, ಹತ್ತು ನಿಮಿಷ ಗಾಳಿ, ಆಮೇಲೆ ಕರೆಂಟ್ ಇಲ್ಲ. ಕರೆಂಟ್ ಬರೋ ಮೊದಲೇ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದಿರುತ್ತೆ: "ನಮ್ಮ ಏರಿಯಾದಲ್ಲಿ ಸುಂಟರಗಾಳಿ!"

ಕಳೆದ ಸಲ ನಮ್ಮ ಬೀದಿಯ ಗುಲ್‌ಮೊಹರ್ ಬುಡಸಮೇತ ಉರುಳಿ, ಅದರ ನೆರಳಲ್ಲಿ ನಿಲ್ಲುತ್ತಿದ್ದ ಇಸ್ತ್ರಿ ಗಾಡಿ ಪುಡಿಯಾಯ್ತು. ಇಸ್ತ್ರಿಯವರು ಟೀ ಕುಡಿಯೋಕೆ ಹೋಗಿದ್ದರಿಂದ ಬದುಕಿಕೊಂಡರು. "ಪ್ರಕೃತಿ ಮುಂದೆ ನಾವ್ಯಾರು?" ಅಂತ ಗ್ರೂಪಿನಲ್ಲಿ ಎಲ್ಲರೂ ಕೈಮುಗಿದೆವು.

ಸ್ವಲ್ಪ ತಡೀರಿ. ನಿಜವಾದ ಸುಂಟರಗಾಳಿ ಏನು ಮಾಡುತ್ತೆ ಗೊತ್ತಾ? 1925ರ ಮಾರ್ಚ್ 18ರಂದು ಅಮೆರಿಕದ ಮೂರು ರಾಜ್ಯಗಳನ್ನು ಸೀಳಿಕೊಂಡು ಹೋದದ್ದು 695 ಜನರನ್ನು ಕೊಂದಿತು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾಗಳಲ್ಲಿ ಸತ್ತವರು ಸುಮಾರು 1,300. ನಮ್ಮ ದೆಹಲಿಯಲ್ಲೇ 1978ರ ಮಾರ್ಚ್ 17ರಂದು 28 ಜನ ಹೋದರು. ಅದಕ್ಕೂ ನಮ್ಮ ಬೀದಿಯ ಗಾಳಿಗೂ ಒಂದೇ ಹೆಸರಾ?

ಇವೆರಡನ್ನು ಬೇರೆ ಮಾಡಿ ತೋರಿಸಿದವರು ಫುಜಿತಾ. ಸುಂಟರಗಾಳಿಯ ಬಿರುಸನ್ನು ಅಳೆಯೋ ಮಾಪಕ ಅವರ ಹೆಸರಿನದೇ, 1971ರದ್ದು. 1945ರಲ್ಲಿ ಬಾಂಬ್ ಬಿದ್ದ ನಾಗಸಾಕಿಯಲ್ಲಿ ಮರಗಳು ಯಾವ ಕಡೆಗೆ ಬಿದ್ದಿವೆ ಅಂತ ನೋಡಿದ್ದ ಮನುಷ್ಯ. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 148 ಸುಂಟರಗಾಳಿಗಳು ಒಟ್ಟಿಗೆ ಎದ್ದಾಗ ವಿಮಾನದಿಂದ ಕಾಡು ನೋಡಿದರು. ಕೆಲವು ಕಡೆ ಮರಗಳು ಸುತ್ತಿ ಬಿದ್ದಿರಲಿಲ್ಲ, ಒಂದು ನಡುವಿನಿಂದ ಹೊರಕ್ಕೆ ಚಾಚಿಕೊಂಡಿದ್ದವು. ಅದು ಸುತ್ತುವ ಗಾಳಿಯಲ್ಲ. ಮೋಡದಿಂದ ತಣ್ಣನೆ ಗಾಳಿ ನೆಲಕ್ಕೆ ಅಪ್ಪಳಿಸಿ ಹರಡುವ ಬಗೆ.

ನಮ್ಮ ಬೀದಿಯಲ್ಲಿ ಬೋರ್ಡು, ತಗಡು, ಕೊಂಬೆ ಎಲ್ಲಾ ಒಂದೇ ದಿಕ್ಕಿಗೆ ಬಿದ್ದಿದ್ದವು. ಅಂದ್ರೆ ಪ್ರತಿ ಬೇಸಿಗೆ ಬರುವ ಗಾಳಿಯೇ. ಅದೂ ಜೋರೇ, ಒಪ್ತೀನಿ. ಗಟ್ಟಿ ಮರವನ್ನೂ ಕೆಡವಬಲ್ಲದು. ಆದರೆ ಈ ಮರದ ಬೇರು ನೋಡಿದ್ರಾ? ರಸ್ತೆ ಕಡೆ ಪೈಪಿನ ಗುಂಡಿಗೆ ಕತ್ತರಿಸಿದ್ದು. ಇನ್ನೊಂದು ಕಡೆ ಕಾಂಡದವರೆಗೂ ಕಾಂಕ್ರೀಟ್. ಮರ ಮೊದಲೇ ಅರ್ಧ ಬಿದ್ದಿತ್ತು.

ಹೆಸರು ತಪ್ಪಿದರೆ ಏನಾಯ್ತು ಅಂತೀರಾ? ಅಮೆರಿಕದ ಹವಾಮಾನ ಇಲಾಖೆ ಜನ ಗಾಬರಿಯಾಗ್ತಾರೆ ಅಂತ ದಶಕಗಳ ಕಾಲ ಮುನ್ಸೂಚನೆಯಲ್ಲಿ 'ಟೊರ್ನಾಡೊ' ಅನ್ನೋ ಪದವನ್ನೇ ಬಳಸಲಿಲ್ಲ. 1925ರಲ್ಲಿ ಸತ್ತವರಿಗೆ ಎಚ್ಚರಿಕೆಯೇ ಸಿಕ್ಕಿರಲಿಲ್ಲ. ಅವರು ಇದ್ದದ್ದನ್ನು ಇಲ್ಲ ಅಂದರು, ನಾವು ಇಲ್ಲದ್ದನ್ನು ಇದೆ ಅಂತೀವಿ. ಎರಡರಲ್ಲೂ ಬಚಾವಾಗೋದು ಜವಾಬ್ದಾರಿ ಇದ್ದವರೇ. ಸುಂಟರಗಾಳಿ ಅಂದುಬಿಟ್ರೆ ಗುಂಡಿ ತೋಡಿದವರನ್ನು ಯಾರೂ ಕೇಳಲ್ಲ.

ನನ್ನನ್ನೂ ಕೇಳಲ್ಲ. ಅಲ್ಲಿ ಕಾರ್ ನಿಲ್ಲಿಸೋಕೆ ಮಣ್ಣು ಕೆಸರಾಗುತ್ತೆ, ಕಾಂಕ್ರೀಟ್ ಹಾಕಿ ಅಂತ ಅರ್ಜಿ ಬರೆದವನು ನಾನು. ಬೀದಿಯವರೆಲ್ಲ ಸಹಿ ಹಾಕಿದ್ದರು. ನೆಲ ಕ್ಲೀನ್ ಆಯ್ತು ಅಂತ ಫೋಟೋ ಕೂಡ ಹಾಕಿದ್ದೆ.

ಆದ್ದರಿಂದ ಈ ಸಲ ಮೆಸೇಜ್ ಫಾರ್ವರ್ಡ್ ಮಾಡೋ ಮೊದಲು ನಿಮ್ಮ ಮನೆ ಮುಂದಿನ ಮರದ ಬುಡ ನೋಡಿ. ಸುತ್ತ ಮೂರಡಿಯಾದರೂ ಮಣ್ಣು ಬಿಡಿಸಿ. ಬೇರು ಕತ್ತರಿಸುವಾಗ ಬಾಲ್ಕನಿಯಿಂದ ಕೆಳಗಿಳಿದು ಜಗಳ ಆಡಿ. ನಮ್ಮನೆ ಮುಂದೆ ಇನ್ನೊಂದು ಹೊಂಗೆ ಮರ ಇದೆ, ಅದರ ಬುಡಕ್ಕೂ ಕಾಂಕ್ರೀಟೇ. ಭಾನುವಾರ ಒಡೆಸ್ತಿದ್ದೀನಿ. ಇಸ್ತ್ರಿಯವರ ಹೊಸ ಗಾಡಿ ಈಗ ಅದರ ಕೆಳಗೇ ನಿಲ್ಲುತ್ತೆ.